ಮೊಮ್ಮಗಳ ಸಕ್ಕರೆ, ಸ್ಟೇಷನ್ ರಸ್ತೆಯ ಜಾಗ

ಭಾಲ್ಕಿಯ ಸ್ಟೇಷನ್ ರಸ್ತೆಯ ಮಗ್ಗುಲಿಗಿರುವ ಖುಲ್ಲಾ ಜಾಗವನ್ನು ನಾನು ಒಂದು ಡಬ್ಬಿ ಸಕ್ಕರೆಗೆ ಕೊಟ್ಟುಬಿಟ್ಟೆನಂತೆ. ಗಂಜಿನಲ್ಲಿ, ಅಂದರೆ ನಮ್ಮ ಧಾನ್ಯದ ಪೇಟೆಯಲ್ಲಿ, ಈ ವಾರವೆಲ್ಲ ಇದೇ ಮಾತು.

ನೋಡಿ, ಜಾಗ ನನ್ನದಲ್ಲ. ಸಕ್ಕರೆ ಮಾತ್ರ ನನ್ನದು.

(ಸಕ್ಕರೆಯೂ ಪೂರ್ತಿ ನನ್ನದಲ್ಲ. ನೀಲಮ್ಮ, ಅಂದರೆ ನಮ್ಮ ಮನೆಯವಳು, ಇದನ್ನು ಯಾರಿಂದಲಾದರೂ ಓದಿಸಿ ಕೇಳಿಯೇ ಕೇಳುತ್ತಾಳೆ. ಅದಕ್ಕೇ ಈಗಲೇ ಒಪ್ಪಿಕೊಂಡುಬಿಡುತ್ತೇನೆ.)

ಜಾಗದ ಮಾತು ಆಮೇಲೆ. ಮೊದಲು ದೊಡ್ಡ ಸುದ್ದಿ. ನಾನು ಅಜ್ಜ ಆದೆ!

ಬೀದರಿನ ಓದುಗರೇ, ಔರಾದಿನ ಓದುಗರೇ, ಒಂದೇ ಪತ್ರಿಕೆಯನ್ನು ಓಣಿಯೆಲ್ಲ ಸುತ್ತಿಸಿ ಓದುವ ಕಮಠಾಣದವರೇ, ಎಲ್ಲರೂ ಕೇಳಿರಿ. ನನ್ನ ಮಗಳು ಮಹಾನಂದಾ ಹೆಣ್ಣು ಹೆತ್ತಿದ್ದಾಳೆ. ಕೂಸು ಹುಟ್ಟಿದ ಗಳಿಗೆಯಲ್ಲೇ ನನ್ನನ್ನು ನೋಡಿತು. ಅದು ನಿಮ್ಮನ್ನು ನೋಡಲಿಲ್ಲ, ಗಾಳಿಗೆ ಕಣ್ಣು ಬಿಟ್ಟಿತು ಎನ್ನುತ್ತಾಳೆ ನೀಲಮ್ಮ. ಇರಲಿ. ಗಾಳಿ ಇದ್ದ ಕಡೆಯಲ್ಲೇ ನಾನೂ ಇದ್ದೆನಲ್ಲ? ಅಯ್ಯನವರು ಬಂದು ಲಿಂಗ ಕಟ್ಟಿ ಹೋದರು. ಕೂಸು ಅಳಲಿಲ್ಲ. ನಾನು ಅತ್ತೆ.

ಈಗ ಜಾಗಕ್ಕೆ ಬರೋಣ.

ಗಂಜಿನಿಂದ ಸ್ಟೇಷನ್ನಿಗೆ ಹೋಗುವಾಗ ಎಡಕ್ಕೆ ಸಿಗುವ ಆ ಪ್ಲಾಟು ನಿಮಗೆಲ್ಲ ಗೊತ್ತು. ನಿಜಾಮರ ಕಾಲದಲ್ಲಿ ಅದು ಅಂಗಡಿಗಳಿಗೆ ಎಂದು ಗೊತ್ತುಮಾಡಿ ಸುತ್ತ ಕಲ್ಲು ನೆಟ್ಟರು. ಕಲ್ಲು ನೆಟ್ಟವರು ಹೋದರು, ನೆಡಿಸಿದ ದರ್ಬಾರೂ ಹೋಯಿತು. ಅಂಗಡಿ ಮಾತ್ರ ಬರಲಿಲ್ಲ. ಬಂದದ್ದು ಜನ. ಊರೂರಿನಲ್ಲಿ ಗದ್ದಲ ಎದ್ದ ಆ ದಿನಗಳಲ್ಲಿ ಮನೆ ಸುಟ್ಟುಹೋದವರು ಬಂದರು. ಮನೆ ಇದ್ದರೂ ಅದರಲ್ಲಿ ಮಲಗಲು ಧೈರ್ಯವಿಲ್ಲದವರು ಬಂದರು. ಪೊಲೀಸ್ ಆ್ಯಕ್ಷನ್ನಿಗೆ ಮೊದಲು ಬಂದವರಿದ್ದಾರೆ, ಆದ ಮೇಲೆ ಬಂದವರೂ ಇದ್ದಾರೆ. ಯಾರು ಯಾರಿಗೆ ಅಂಜಿ ಬಂದರು ಎಂಬುದನ್ನು ಇಲ್ಲಿ ಬರೆಯುವುದು ಬೇಡ. ಈಗ ಒಂದೇ ಸಾಲಿನಲ್ಲಿ ಗುಡಿಸಲು ಹಾಕಿಕೊಂಡಿದ್ದಾರೆ, ಒಂದೇ ಬಾವಿಯ ನೀರು ಸೇದುತ್ತಾರೆ. ಅಷ್ಟು ಸಾಕು.

ಅವರಲ್ಲಿ ಮಾಳವ್ವ ಎಂಬಾಕೆ ಇದ್ದಾಳೆ. ಹಲಬರ್ಗಾದ ಕಡೆಯವಳು, ಕುರಿ ಸಾಕುವ ಮನೆತನ. ಗಂಡ ಗಂಜಿನಲ್ಲಿ ಚೀಲ ಹೊರುತ್ತಾನೆ. ಆಕೆ ನಾಲ್ಕಾರು ಕುರಿ ಇಟ್ಟುಕೊಂಡು, ಉಣ್ಣೆ ನೂತು, ಸಂತೆಯಲ್ಲಿ ಕಂಬಳಿ ಮಾರುತ್ತಾಳೆ. ಆ ಕುರಿಗಳಿಗೂ ನನಗೂ ಆಗಿಬರುವುದಿಲ್ಲ. ನನ್ನ ಕಿರಾಣಿ ಅಂಗಡಿಯ ಮುಂದಿನ ಕಡಲೆ ಚೀಲಕ್ಕೆ ಬಾಯಿ ಹಾಕುವುದೆಂದರೆ ಅವಕ್ಕೆ ಮಾವನ ಮನೆಯ ಊಟ. ನಾನು ಓಡಿಸಿದರೆ ಮಾಳವ್ವ ರಸ್ತೆಯ ಆಚೆಯಿಂದ, "ಕಾಕಾ, ಬೈಬ್ಯಾಡ್ರಿ, ಅವಕ್ಕ ಸಾಲಿ ಕಲಿಸಿಲ್ಲರಿ" ಎನ್ನುತ್ತಾಳೆ.

(ನನಗೂ ಬಹಳ ಕಲಿಸಿಲ್ಲ. ಉರ್ದು ಶಾಲೆಯಲ್ಲಿ ಮೂರು ಜಮಾತು, ಮಠದಲ್ಲಿ ಮರಳಿನ ಮೇಲೆ ಕನ್ನಡ ಅಕ್ಷರ. ಹಾಗಾಗಿ ಕುರಿಗಳ ಮೇಲೆ ಆ ವಿಷಯದಲ್ಲಿ ನನಗೆ ಸಿಟ್ಟಿಲ್ಲ.)

ಈ ಸಲ ಊರಿನ ಟೌನ್ ಕಮಿಟಿಯವರು ನೋಟೀಸು ಕೊಟ್ಟರು. ಜಾಗ ಅಂಗಡಿಗೆ ಎಂದು ಇರುವುದರಿಂದ ಮಿರಗದ ಮಳೆಗೆ ಮೊದಲು ಗುಡಿಸಲು ಎತ್ತಬೇಕು. ಗುಡಿಸಲಿನವರು ತಕರಾರು ಹಾಕಿದರು. ಅಂಗಡಿ ಬರಲೇ ಇಲ್ಲವಲ್ಲ, ಆ ಜಾಗವನ್ನು ಮನೆಗಳಿಗೆ ಎಂದು ಬದಲಾಯಿಸಿ ನಮಗೆ ಕೊಡಿ ಎಂದು ಕೇಳಿದರು. ಊರು ಎರಡಾಯಿತು. ಚಹಾದ ಅಂಗಡಿಯಲ್ಲಿ ಒಂದು ಬೆಂಚಿನವರು ಮನೆ, ಇನ್ನೊಂದು ಬೆಂಚಿನವರು ದುಕಾನು.

ನಾನು ಯಾವ ಬೆಂಚು? ಹೋದ ವಾರ ಈ ಅಂಕಣ ಓದಿದವರಿಗೆ ನೆನಪಿದೆ. ದುಕಾನೇ ಆಗಲಿ ಎಂದು ಬರೆದಿದ್ದೆ. ನಮ್ಮ ತೊಗರಿ, ನಮ್ಮ ಜೋಳ ಬಂಡಿ ಹತ್ತಿ ಉದಗೀರಿಗೆ ಹೋಗುತ್ತದೆ, ನಮ್ಮ ಗಂಜು ಆಕಳಿಸುತ್ತ ಕೂತಿದೆ, ಒಂದು ಸಾಲು ಅಂಗಡಿ ಎದ್ದರೆ ಭಾಲ್ಕಿಯ ಮುಖವೇ ಬದಲಾಗುತ್ತದೆ ಎಂದೆಲ್ಲ ಬರೆದಿದ್ದೆ. ಆ ಸಾಲಿನ ಮೂಲೆಯ ಅಂಗಡಿಗೆ ನಾನೇ ಅರ್ಜಿ ಕೊಟ್ಟಿದ್ದೇನೆ ಎಂಬುದನ್ನೂ ಬರೆದಿದ್ದೆ. ಯಾಕೆ ಎಂದು ಮಾತ್ರ ಬರೆದಿರಲಿಲ್ಲ. ಅಳಿಯ ಇರುವುದು ಠಾಣಾ ಕುಶನೂರಿನಲ್ಲಿ. ಅವನಿಗೆ ಇಲ್ಲೊಂದು ಅಂಗಡಿ ಇಟ್ಟುಕೊಟ್ಟರೆ ಮಗಳು ಇಲ್ಲೇ ಬರುತ್ತಾಳೆ. ಮಗಳು ಬಂದರೆ ಹುಟ್ಟುವ ಕೂಸೂ ಇಲ್ಲೇ ಬೆಳೆಯುತ್ತದೆ. ಬೆಳಗಾದರೆ ಅಜ್ಜನ ಗದ್ದಿಯ ಮೇಲೆ ಕೂತು ಕಡಲೆ ತಿನ್ನುತ್ತದೆ. ಇದು ಆಸೆ. ಆಸೆಗೆ ಕಾರಣ ಕೇಳಬಾರದು.

ಮೀಟಿಂಗು ಗೊತ್ತಾಯಿತು. ಗಂಜಿನ ಬೇವಿನ ಮರದ ಕೆಳಗೆ, ಬೆಳಗಿನ ಹೊತ್ತು. ಕಮಿಟಿಯ ಸದರ್, ಅಂದರೆ ಅಧ್ಯಕ್ಷರು, ಪಾಟೀಲರು; ಮೆಂಬರುಗಳು; ಹೇಳಿದ್ದನ್ನು ಬರೆದುಕೊಳ್ಳಲು ತಹಸೀಲಿನ ಪೇಶ್ಕಾರರು. ನಮ್ಮ ದುಕಾನಿನ ಕಡೆಗೆ ಮುಂದಾಳು ವೀರಶೆಟ್ಟಿ. ಗಂಜಿನ ದೊಡ್ಡ ಅಡತಿ ವ್ಯಾಪಾರಿ, ನನ್ನ ಬಾಲ್ಯದ ಗೆಳೆಯ. "ನೀ ನನ್ನ ಬಾಜೂ ಕೂಡು, ಎರಡು ಮಾತಾಡು. ಪೇಪರಿನ್ಯಾಗ ಬರಿಯಾಂವ ಅಂದ್ರ ಮಂದಿ ಕೇಳ್ತಾರ" ಎಂದು ಹಿಂದಿನ ದಿನವೇ ತಾಕೀತು ಮಾಡಿದ್ದ.

ಅದೇ ಬೆಳಗ್ಗೆ ಮಹಾನಂದಾಳಿಗೆ ಬೇನೆ ಬಂತು.

ಮೀಟಿಂಗಿಗೆ ಯಾವನು ಹೋಗುತ್ತಾನೆ? ನಾನು ಪಡಸಾಲೆಯ ಕಂಬ ಹಿಡಿದು ನಿಂತುಬಿಟ್ಟೆ. ಬಿಸಿನೀರು ಹಿಡಿದು ಹೋಗುತ್ತಿದ್ದ ನೀಲಮ್ಮ ಕಂಡಳು.

"ಏನ್ರಿ, ಕಂಬ ಯಾಕ ಹಿಡದೀರಿ? ಮನಿ ಬೀಳ್ಲತ್ತಾದೇನು?"

"ಹ್ಯಾಂಗ ಹಾಳ?" ಎಂದೆ, ಮಗಳು ಹೇಗಿದ್ದಾಳೆ ಎಂದು.

"ಹಡಿಯೋರು ಹ್ಯಾಂಗ ಇರ್ತಾರೋ ಹಂಗ ಹಾಳ. ನಿಮಗ ಮೀಟಿಂಗ್ ಅದ ಅಂದಿದ್ರಿ. ಹೋಗಿ ಅಲ್ಲಿ ಮಾತಾಡ್ರಿ. ಇಲ್ಲಿ ನಿಮ್ಮ ಮಾತು ಬೇಕಾಗಿಲ್ಲ."

ಅಷ್ಟು ದೂರ ಹೋಗಲು ಕಾಲು ಬರಲಿಲ್ಲ. ಮನೆಯ ಮುಂದಿನ ನಮ್ಮ ಅಂಗಡಿಗೆ ಬಂದು ಗದ್ದಿಯ ಮೇಲೆ ಕೂತೆ. ಉಪ್ಪು ಕೇಳಿದವರಿಗೆ ಮೆಣಸಿನಕಾಯಿ ತೂಗಿದೆ. ಮೆಣಸಿನಕಾಯಿ ಕೇಳಿದವರಿಗೆ ಏನು ಕೊಟ್ಟೆನೋ, ಅವರು ಇನ್ನೂ ಬಂದು ಜಗಳ ಮಾಡಿಲ್ಲ.

ಆಮೇಲೆ ಒಳಗಿನಿಂದ ಆ ದನಿ ಬಂತು. ಸಣ್ಣ ದನಿ. ಆದರೆ ಏನು ಜೋರು! ನೀಲಮ್ಮ ಬಾಗಿಲಿಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೆಣ್ಣು. ಇಬ್ಬರೂ ಛಲೋ ಹಾರ. ಮೂಗು ನಿಮ್ಮದೇ ಬಂದಾದ, ಪಾಪ."

ಒಳಗೆ ಹೋಗಿ ನೋಡಿದೆ. ಉಗುರು ರಾಜಗಿರಿ ಕಾಳಿನಷ್ಟು. ಮೂಗು, ಹೌದು, ನನ್ನದೇ. ಅದರ ಮೇಲೆ ಚೆಂದ ಕಾಣುತ್ತದೆ.

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಅಡಿಗೆಮನೆಯ ಗೂಡಿನಲ್ಲಿ ನೀಲಮ್ಮ ಬಚ್ಚಿಟ್ಟಿದ್ದ ಸಕ್ಕರೆಯ ಡಬ್ಬಿ ನನ್ನ ಬಗಲಿಗೆ ಹೇಗೆ ಬಂತೋ! ಈಗ ಸಕ್ಕರೆ ಎಂದರೆ ಏನು ಎಂದು ನಿಮಗೆ ಹೇಳಬೇಕಾಗಿಲ್ಲ. ಕಂಟ್ರೋಲಿನ ಕಾಲ. ಹಬ್ಬಕ್ಕೂ ಬೆಲ್ಲವೇ ಗತಿ. ಸಕ್ಕರೆ ಕಂಡರೆ ಕೈ ತಾನಾಗಿಯೇ ಮುಂದೆ ಬರುತ್ತದೆ. ನಾನು ಓಣಿಯಲ್ಲಿ ಸಿಕ್ಕವರಿಗೆಲ್ಲ ಕೊಟ್ಟೆ. ಟಾಂಗಾದವರಿಗೆ ಕೊಟ್ಟೆ. ಬಂಡಿ ಬಿಚ್ಚುತ್ತಿದ್ದವನಿಗೆ ಕೊಟ್ಟೆ, ಅವನ ಎತ್ತಿನ ಬಾಯಿಗೂ ಇಟ್ಟೆ. ಎತ್ತು ನನ್ನ ಕೈಯನ್ನು ನೆಕ್ಕಿ ಇನ್ನೂ ಬೇಕು ಎಂದಿತು. ಎಲ್ಲರಿಗೂ "ಹೆಣ್ಣು ಹುಟ್ಯಾಳ, ಹೆಣ್ಣು ಹುಟ್ಯಾಳ" ಎಂದು ಕೂಗಿ ಕೂಗಿ, ಬೇವಿನ ಮರ ಮುಟ್ಟುವ ಹೊತ್ತಿಗೆ ಗಂಟಲು ಬಂದ್.

ಅಲ್ಲಿ ಏನು ನಡೆದಿತ್ತು? ನನಗೆ ಆಗ ಗೊತ್ತಿರಲಿಲ್ಲ. ಆಮೇಲೆ ಹತ್ತು ಮಂದಿ ಹೇಳಿದರು. ಬಿಸಿಲು ಏರುವ ತನಕ ವಾದ ಆಗಿತ್ತು. ಭಾಲ್ಕಿ ಉದಗೀರ ಆಗಬೇಕು ಎಂದು ವೀರಶೆಟ್ಟಿ. ಭಾಲ್ಕಿ ಉದಗೀರ ಆಗುವ ಹೊತ್ತಿಗೆ ನಾವು ಎಲ್ಲಿರಬೇಕು ಎಂದು ಮಾಳವ್ವ. ಕೇಳಿ ಕೇಳಿ ಸದರ್ ಪಾಟೀಲರಿಗೆ ಸಾಕಾಗಿ ಹೋಗಿ, ಸೋತ ದನಿಯಲ್ಲಿ ಕೇಳಿಬಿಟ್ಟರಂತೆ: "ಹಂಗಾದ್ರ ಜಾಗ ಮನಿಗೇ ಬಿಡೋಣೇನು?"

ಅದು ಪ್ರಶ್ನೆ. ಫೈಸಲಾ ಅಲ್ಲ. ಪೇಶ್ಕಾರರು ಲೇಖಣಿ ಎತ್ತಿ ಹಿಡಿದು ಕೂತರು.

ಸರಿಯಾಗಿ ಆ ಹೊತ್ತಿಗೆ ನಾನು ಹೋದೆ. ಮಾತು ಹೊರಡಲಿಲ್ಲ. ಸೀದಾ ಹೋಗಿ ಸದರ್ ಪಾಟೀಲರ ಅಂಗೈಯಲ್ಲಿ ಸಕ್ಕರೆ ಹಾಕಿದೆ.

ಈಗ ನಮ್ಮ ಕಡೆಯ ರಿವಾಜು ನೆನಪಿಸಿಕೊಳ್ಳಿ. ಹೆಣ್ಣು ಗಂಡಿನ ಕಡೆಯವರು ಕೂತು ಮಾತು ಕುದುರಿಸಿದ ಮೇಲೆ ಏನು ಮಾಡುತ್ತಾರೆ? ಸಕ್ಕರೆ ತಿನ್ನುತ್ತಾರೆ. ಗಂಜಿನಲ್ಲಿ ರುಮಾಲಿನ ಕೆಳಗೆ ಬೆರಳು ಹಿಡಿದು ದರ ಗೊತ್ತಾದ ಮೇಲೆ? ಸಕ್ಕರೆ. ಬದುವಿನ ಜಗಳ ಪಂಚರು ಮುಗಿಸಿದ ಮೇಲೆ? ಅದೇ ಸಕ್ಕರೆ, ಇಲ್ಲವಾದರೆ ಬೆಲ್ಲ. ಹಂಚುವವರು ಯಾರು? ಪಟ್ಟು ಬಿಟ್ಟುಕೊಟ್ಟ ಕಡೆಯವರು. ತಿಂದ ಮೇಲೆ ಆ ಮಾತನ್ನು ತಿರುಗಿ ಎತ್ತಿದವನಿಗೆ ನಾಳೆ ಗಂಜಿನಲ್ಲಿ ಯಾರೂ ರುಮಾಲು ಚಾಚುವುದಿಲ್ಲ.

ನಾನು ದುಕಾನಿನ ಕಡೆಯವನು. ಮನೆಗೆ ಬಿಡೋಣವೇ ಎಂದು ಸದರ್ ಕೇಳಿದ್ದಾರೆ. ದುಕಾನಿನ ಕಡೆಯವನೇ ನಗುನಗುತ್ತ ಸಕ್ಕರೆ ಹಂಚುತ್ತಿದ್ದಾನೆ. ಕೂತವರು ಏನು ತಿಳಿಯಬೇಕು?

ವೀರಶೆಟ್ಟಿಯೇ ಒಪ್ಪಿ ಕಳಿಸಿದ್ದಾನೆ ಎಂದು ಎಲ್ಲರೂ ತಿಳಿದರು. ಪಾಟೀಲರು ತಿಂದರು. ಮೆಂಬರುಗಳು ತಿಂದರು. ಪೇಶ್ಕಾರರು ಲೇಖಣಿಯನ್ನು ಕಿವಿಗೆ ಸಿಕ್ಕಿಸಿ ತಿಂದರು. ಮಾಳವ್ವ ಬೆರಗಾಗಿ ನನ್ನನ್ನೇ ನೋಡುತ್ತ ಕೈ ಒಡ್ಡಿದಳು. ಆ ಕಡೆ ತಿರುಗಿ ಯಾರೊಂದಿಗೋ ಗುಸುಗುಸು ಮಾಡುತ್ತಿದ್ದ ವೀರಶೆಟ್ಟಿಯ ಬಾಯಿಗೆ ನಾನೇ ಹಾಕಿದೆ. ಅವನು ಚಪ್ಪರಿಸಿದ.

ಮಾಳವ್ವ ಎದ್ದು ನಿಂತಳು.

"ಪಾಟೀಲ್ರೇ, ಎಲ್ಲಾರೂ ಸಕ್ಕರಿ ತಿಂದ್ರಿ. ಮಾತು ಮುಗೀತು. ಬರಕೋರಿ, ಜಾಗ ಮನಿಗೆ."

ವೀರಶೆಟ್ಟಿಯ ದವಡೆ ನಿಂತಿತು. "ಯಾವ ಮಾತು? ಯಾರು ಮುಗಿಸಿದ್ರು?"

"ನೀವೇ ರಿ ಸಾವ್ಕಾರ್ರೇ. ಕಾಕಾನ ಕೈಲೆ ಸಕ್ಕರಿ ಹಂಚಿಸಿದ್ರಲ್ಲ."

ವೀರಶೆಟ್ಟಿ ನನ್ನ ಕಡೆ ನೋಡಿದ. ನಾನು ಹಲ್ಲು ಬಿಟ್ಟು ನಗುತ್ತಿದ್ದೆ. ಅವನಿಗೆ ತಿಳಿಯಿತು. ಬಾಲ್ಯದಿಂದ ನನ್ನ ಹಲ್ಲು ನೋಡಿದವನು.

"ಏ, ಇವನ ಮಗಳು ಹಡದಾಳ! ಇದು ಮೊಮ್ಮಗನ ಸಕ್ಕರಿ!"

"ಮೊಮ್ಮಗಳ" ಎಂದೆ. ಆಗ ದನಿ ಬಂತು.

"ಕೇಳಿದ್ರೇನು? ಮೊಮ್ಮಗಳ ಸಕ್ಕರಿ! ಜಾಗದ್ದಲ್ಲ!"

"ಬಾಯಾಗ ಹಾಕ್ಕೋಳುವಾಗ ಯಾತರದು ಅಂತ ಕೇಳಿದ್ರೇನು?" ಎಂದಳು ಮಾಳವ್ವ.

ಅಲ್ಲಿಗೆ ಗದ್ದಲ ಎದ್ದಿತು. ತಿಂದದ್ದು ತಿಂದದ್ದೇ ಎಂದು ಒಂದು ಗುಂಪು. ತಪ್ಪಿ ತಿಂದದ್ದು ಲೆಕ್ಕಕ್ಕಿಲ್ಲ ಎಂದು ಇನ್ನೊಂದು. ಹಾಗಾದರೆ ಉಗುಳಿರಿ ಎಂದನೊಬ್ಬ. ಕೂಸಿನ ಸಕ್ಕರೆಯನ್ನು ಯಾರಾದರೂ ಉಗುಳುತ್ತಾರೆಯೇ? ವೀರಶೆಟ್ಟಿ ಗಬಕ್ಕನೆ ನುಂಗಿಬಿಟ್ಟ. ಅಷ್ಟರ ಮಟ್ಟಿಗೆ ಅವನು ನನ್ನ ಗೆಳೆಯ.

ಕೊನೆಗೆ ಪಾಟೀಲರು ಕೈ ಎತ್ತಿದರು. "ಹಂಚಿದಾಂವನೇ ಹೇಳ್ಲಿ. ಬಸಣ್ಣಾ, ಖರೇ ಹೇಳು. ಯಾತರ ಸಕ್ಕರಿ?"

ಎಲ್ಲರೂ ನನ್ನ ಕಡೆ ತಿರುಗಿದರು. ಮಾಳವ್ವನೂ. ಅವಳ ಮುಖದ ಮೇಲೆ ಆಗ ಇದ್ದದ್ದನ್ನು ಬರೆಯಲು ನನ್ನ ಅಕ್ಷರ ಸಾಲದು. ಜಾಗದ್ದು ಎಂದುಬಿಟ್ಟರೆ ಅವಳಿಗೆ ಮನೆ. ಆದರೆ ನನ್ನ ಮೊಮ್ಮಗಳು ಹುಟ್ಟಿ ಒಂದು ಜಾವ ಆಗಿಲ್ಲ, ಆಗಲೇ ಅವಳ ಹೆಸರಿನ ಮೇಲೆ ಸುಳ್ಳು ಹೇಳಲೇ?

"ಮೊಮ್ಮಗಳದೇ ರಿ" ಎಂದೆ. "ಜಾಗದ್ದು ನನಗ ಗೊತ್ತೇ ಇಲ್ಲ."

ನಮ್ಮ ಕಡೆಯವರು ಹೋ ಎಂದರು. ಮಾಳವ್ವ ಕೂತುಬಿಟ್ಟಳು. ಆಮೇಲೆ ತಲೆ ಎತ್ತಿ ಕೇಳಿದಳು.

"ತಾಯಿ ಛಲೋ ಹಾಳೇನ್ರಿ ಕಾಕಾ?"

"ಛಲೋ ಹಾಳವ್ವ."

"ಕೂಸು ಎಲ್ಲಿ ಹುಟ್ಟಿತ್ರಿ?"

"ಮನ್ಯಾಗ. ಮತ್ತೆಲ್ಲಿ?"

"ನಿಮ್ಮ ಮನಿ ಎಲ್ಲಿ ಅದ?"

"ಗೊತ್ತಿಲ್ಲೇನು? ದುಕಾನಿನ ಹಿಂದ."

"ವೀರಶೆಟ್ಟಿ ಸಾವ್ಕಾರ್ರದು?"

"ದುಕಾನಿನ ಮ್ಯಾಲ."

"ಪಾಟೀಲ್ರದು ಬಿಡ್ರಿ, ವಾಡೆ. ಈ ಮೆಂಬರ್ ಸಾಹೇಬ್ರದು?"

ಮೆಂಬರ್ ಸಾಹೇಬರು ಬೇವಿನ ಮರ ನೋಡಿದರು. ಅವರದೂ ದುಕಾನಿನ ಹಿಂದೆಯೇ.

"ಗಂಜಿನ್ಯಾಗ ನೀವು ದುಕಾನ ಕಟ್ಟಿ ಹಿಂದ ಮನಿ ಮಾಡೀರಿ. ನಾವು ಮನಿ ಕಟ್ಟಿ ಮುಂದ ದುಕಾನ ಮಾಡ್ತೇವಿ. ನಾ ಕಂಬಳಿ ಇಟಗೊಂಡು ಕೂಡ್ತೇನಿ. ಜಾಗಕ್ಕ ಏನ್ ತಿಳೀತದ್ರಿ, ಯಾವುದು ಮುಂದ, ಯಾವುದು ಹಿಂದ?" ಎಂದಳು. ಆಮೇಲೆ ದನಿ ಇಳಿಸಿದಳು. "ನನ್ನ ಸೊಸಿಗೂ ದಿನ ತುಂಬ್ಯಾವ. ಮಿರಗಕ್ಕ ಮೊದಲ ಕಂಬ ಎತ್ತು ಅಂತೀರಿ. ಅಕಿ ಎಲ್ಲಿ ಹಡೀಬೇಕು? ಅದೊಂದು ಹೇಳ್ರಿ, ಎದ್ದು ಹೋಗ್ತೇನಿ."

ಹೋದ ವಾರ ಪತ್ರಿಕೆಯಲ್ಲಿ ಅಷ್ಟುದ್ದ ಬರೆಯುವಾಗ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಬೆಳಗ್ಗೆ ನಾನು ಕಂಬ ಹಿಡಿದು ನಿಂತಿದ್ದೆ. ಮೇಲೆ ಸೂರು ಇತ್ತು, ಕಂಬ ಇತ್ತು, ಒಳಗೆ ಬಾಗಿಲು ಹಾಕಿಕೊಳ್ಳುವಂಥ ಕೋಣೆ ಇತ್ತು. ಈಕೆಯ ಗಂಡ ಯಾವ ಕಂಬ ಹಿಡಿಯಬೇಕು? ಎತ್ತಿ ಬಂಡಿಗೆ ಹಾಕಿದ ಕಂಬವನ್ನೇ?

ಡಬ್ಬಿಯಲ್ಲಿ ಇನ್ನೂ ಸಕ್ಕರೆ ಇತ್ತು.

"ಪಾಟೀಲ್ರೇ, ಕೈ ಹಿಡೀರಿ" ಎಂದೆ. "ಮೊದಲಿಂದು ಮೊಮ್ಮಗಳದು. ಇದು ಜಾಗದ್ದು. ಮನಿಗೆ."

ವೀರಶೆಟ್ಟಿ ಜಿಗಿದು ಎದ್ದ. "ಏ ಬಸಣ್ಣಾ, ತಲಿ ತಿರಗ್ಯಾದೇನು? ನೀ ಯಾರು ಹಂಚಾಂವ?"

"ದುಕಾನಿನ ಕಡೆಯಾಂವ ನಾ. ಮೂಲಿ ದುಕಾನಿಗೆ ಅರ್ಜಿ ಕೊಟ್ಟಾಂವ ನಾ. ಅದನ್ನ ಬಿಟ್ಟೆ. ಬಿಟ್ಟಾಂವ ಹಂಚೋದೇ ರಿವಾಜ ಅಲ್ಲೇನು?"

"ಅಳಿಯಗ ಅಂತ ಇಟ್ಟಿದ್ದಿ ಅದನ್ನ!"

"ಇಟ್ಟಿದ್ದೆ."

ಆಮೇಲೆ ನಾನು ಒಬ್ಬೊಬ್ಬರ ಮುಂದೆ ಹೋಗಿ ನಿಂತೆ. ಈ ಸಲ ಕೈಗಳು ತಾನಾಗಿ ಬರಲಿಲ್ಲ. ಸಕ್ಕರೆ ಅದೇ, ಡಬ್ಬಿ ಅದೇ, ಆದರೆ ಪ್ರತಿಯೊಬ್ಬರೂ ಮೊದಲು ನನ್ನ ಮುಖ ನೋಡಿದರು, ಆಮೇಲೆ ಪಕ್ಕದವರ ಮುಖ. ಪಾಟೀಲರು ಹಳೆಯ ಕಾಲದ ಮನುಷ್ಯ. ರುಮಾಲು ಸರಿಮಾಡಿಕೊಂಡು ಎರಡೂ ಕೈ ಜೋಡಿಸಿ ತೆಗೆದುಕೊಂಡರು. ಅವರು ತಿಂದ ಮೇಲೆ ಉಳಿದವರಿಗೆ ಸುಲಭವಾಯಿತು. ದುಕಾನಿನ ಹಿಂದೆ ಮನೆ ಇದ್ದ ಮೆಂಬರ್ ಸಾಹೇಬರು ಕಣ್ಣು ಮುಚ್ಚಿ ಬಾಯಿ ತೆರೆದರು, ಔಷಧ ಕುಡಿಯುವವರ ಹಾಗೆ. ನಮ್ಮ ಕಡೆಯ ಇಬ್ಬರು ಮೂವರು ಎದ್ದು ಹೋದರು. ಬೇಡ ಎಂದವರಿಗೆ ನಾನು ಒತ್ತಾಯ ಮಾಡಲಿಲ್ಲ. ಮಾಡಬಾರದು.

ವೀರಶೆಟ್ಟಿ ಕೈ ಕಟ್ಟಿ ನಿಂತಿದ್ದ.

"ಹಿಡಿಯೋ" ಎಂದೆ.

"ನನ್ನ ಬಾಯಿ ಮೊದಲಿನ ಸಕ್ಕರಿಗೇ ಸೀ ಆಗ್ಯಾದ. ಸಾಕು."

ಇದು ಒಪ್ಪಿಗೆಯೋ, ತಕರಾರೋ? ಪೇಶ್ಕಾರರಿಗೂ ತಿಳಿಯಲಿಲ್ಲ. "ಸಾಹೇಬರ, ಇದನ್ನ ಏನಂತ ಬರೀಲಿ?" ಎಂದು ಸದರ್ ಅವರನ್ನು ಕೇಳಿದರು.

"ಬಾಯಿ ಸೀ ಅದ ಅಂದಾನ. ತಕರಾರ ಇಲ್ಲ ಅಂತ ಬರೀರಿ."

ಬರೆದರು. ಜಾಗ ಮನೆಗಳಿಗೆ. ಇದ್ದವರು ಮುಂದಿನ ಕೋಣೆಯಲ್ಲಿ ಅಂಗಡಿ ಇಟ್ಟರೆ ಕಮಿಟಿಯ ಅಡ್ಡಿ ಇಲ್ಲ. ಮಂಜೂರಿ ತಹಸೀಲಿನಿಂದ ಬರಬೇಕು, ಅದು ಬರುವ ತನಕ ಯಾರೂ ಕಂಬ ಎತ್ತಬೇಕಾಗಿಲ್ಲ. ಮಾಳವ್ವ ತನ್ನ ಪಾಲಿನ ಸಕ್ಕರೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಸೊಸೆಗೆ ತಿನ್ನಿಸಲು ಓಡಿದಳು.

ಅದನ್ನು ನೋಡಿದಾಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಖಾಲಿ ಡಬ್ಬಿ ಹಿಡಿದು ಮನೆಗೆ ಹೋದೆ. ನೀಲಮ್ಮ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ನನಗಿಂತ ಮೊದಲು ಬಂದಿತ್ತು.

"ತೊಟ್ಟಿಲ ದಿನಕ್ಕ ಅಂತ ಚಿಟಿಕಿ ಚಿಟಿಕಿ ಕೂಡಿಸಿ ಇಟ್ಟಿದ್ದೆ. ಎಲ್ಲಾ ಖಲಾಸ್?"

"ಹ್ಞೂಂ."

"ಎತ್ತಿನ ಬಾಯಿಗೂ ಹಾಕಿದ್ರಂತ."

"ಅದೂ ಪಾಪ..."

"ಹಡದಾಕಿ ಬಾಯಿಗೆ ಒಂದು ಹರಳು ಹಾಕಿದ್ರೇನು?"

ಓದುಗರೇ, ಊರಿಗೆಲ್ಲ ಹಂಚಿದವನು ನಾನು. ನನ್ನ ಮಗಳಿಗೆ ಕೊಟ್ಟಿರಲಿಲ್ಲ! ಡಬ್ಬಿಯ ಮೂಲೆಯಲ್ಲಿ ಅಂಟಿದ್ದನ್ನು ಬೆರಳಿನಿಂದ ಕೆರೆದು ಒಳಗೆ ಹೋದೆ. ಮಹಾನಂದಾ ಗೋಡೆಯ ಕಡೆ ತಿರುಗಿ ನಗುತ್ತಿದ್ದಳು. ನಗಬೇಡ ತಾಯಿ, ಹೊಟ್ಟೆ ನೋಯುತ್ತದೆ ಎಂದೆ. ಇನ್ನೂ ನಕ್ಕಳು. ಅವಳ ಬಾಯಿಗೆ ಆ ನಾಲ್ಕು ಹರಳು ಇಟ್ಟು, ಮೂಲೆಯ ಅಂಗಡಿ ಬಿಟ್ಟ ಸಂಗತಿ ಹೇಳಿದೆ. ಕೂಸು ಪಕ್ಕದಲ್ಲಿ ಮಲಗಿತ್ತು, ಮುಷ್ಟಿ ಬಿಗಿ ಹಿಡಿದು, ಯಾವುದೋ ದರ ಒಪ್ಪದವರ ಹಾಗೆ. ಇದು ಮೂರು ತಿಂಗಳಿಗೆ ಠಾಣಾ ಕುಶನೂರಿಗೆ ಹೊರಟುಹೋಗುತ್ತದೆ. ನನ್ನ ಗದ್ದಿಯ ಮೇಲೆ ಕೂತು ಕಡಲೆ ತಿನ್ನುವುದಿಲ್ಲ.

"ಅಪ್ಪಾ" ಎಂದಳು ಮಗಳು, "ಅವರು ಕುಶನೂರ ಬಿಟ್ಟು ಬರ್ತೇನಿ ಅಂತ ಯಾವಾಗ ಅಂದಿದ್ರು?"

ಕೇಳಿರಲಿಲ್ಲ. ಅಳಿಯನನ್ನು ಒಂದು ಮಾತು ಕೇಳದೆಯೇ ಅವನಿಗೆ ಅಂಗಡಿ ಇಟ್ಟು, ಗದ್ದಿ ಹಾಕಿ, ಗಿರಾಕಿಯನ್ನೂ ಕರೆಸಿದ್ದೆ, ಮನಸ್ಸಿನಲ್ಲಿ. ಕಮಿಟಿಯವರೂ ಹೀಗೇ ಮಾಡಿದ್ದಲ್ಲವೇ? ಖಾಲಿ ಜಾಗಕ್ಕೆ ಕಲ್ಲು ನೆಟ್ಟು, ಬರದ ಅಂಗಡಿಯನ್ನು ಕಾಯುತ್ತ, ಬಂದ ಮನುಷ್ಯರನ್ನು ಎದ್ದೇಳಿ ಎನ್ನುವುದು. ಇದನ್ನು ನಾವೆಲ್ಲ ಮಾಡುತ್ತೇವೆ. ಬರಲಿರುವವರಿಗೆಂದು ಪಡಸಾಲೆಯಲ್ಲಿ ಒಳ್ಳೆಯ ಚಾಪೆ ಸುತ್ತಿಟ್ಟು, ಬಂದವರನ್ನು ನೆಲದ ಮೇಲೆ ಕೂಡಿಸುತ್ತೇವೆ.

ಐದನೆಯ ದಿನ ತೊಟ್ಟಿಲ ಕಾರ್ಯ ಬೆಲ್ಲದಲ್ಲೇ ಆಯಿತು. ಯಾರೂ ಕಡಿಮೆ ತಿನ್ನಲಿಲ್ಲ. ಆದರೆ ಭಾಲ್ಕಿಯಲ್ಲಿ ಈಗ ಹೊಸ ರೂಢಿ ಬಂದಿದೆ. ಯಾರು ಏನು ಸಿಹಿ ಕೊಟ್ಟರೂ, ಕೈ ಒಡ್ಡುವ ಮೊದಲು "ಯಾತರದು?" ಎಂದು ಕೇಳುತ್ತಾರೆ. ನನ್ನನ್ನಂತೂ ಎರಡು ಸಲ ಕೇಳುತ್ತಾರೆ.

ಬೀದರಿನ ಓದುಗರೊಬ್ಬರು ಈಗಾಗಲೇ ಹೇಳಿಕಳಿಸಿದ್ದಾರೆ: ಸರ್ಕಾರಿ ಫೈಸಲಾವನ್ನು ಸಕ್ಕರೆ ತಿಂದು ಮಾಡುವುದು ಯಾವ ನ್ಯಾಯ, ಯಾವ ಇನ್ಸಾಫು? ಒಳ್ಳೆಯ ಪ್ರಶ್ನೆ. ಕಾಯ್ದೆ ಬಲ್ಲವರು ಮೇಲೆ ಕೂತಿದ್ದಾರೆ, ಅವರು ನೋಡುತ್ತಾರೆ, ಬೇಕಾದರೆ ಬದಲಾಯಿಸುತ್ತಾರೆ. ಹೋದ ವಾರ ಬರೆದದ್ದನ್ನು ನಾನೇ ಈ ವಾರ ಬದಲಾಯಿಸಿಲ್ಲವೇ? ಮಾಳವ್ವನ ಗಂಡ ಮಾತ್ರ ಮಂಜೂರಿಗೆ ಕಾದಿಲ್ಲ. ಗಂಜಿನ ಕೆಲಸ ಮುಗಿಸಿ ಹೋಗುವಾಗ ದಿನಾ ಹೆಗಲ ಮೇಲೆ ಕೆಂಪು ಕಲ್ಲು ಒಯ್ಯುತ್ತಾನೆ. ಸೊಸೆ ಇವತ್ತೋ ನಾಳೆಯೋ. ಮೋಡ ಇನ್ನೂ ಕಂಡಿಲ್ಲ, ಕಲ್ಲು ಮಾತ್ರ ಒಂದು ಮೊಳ ಎದ್ದಿದೆ.

ವೀರಶೆಟ್ಟಿ ತೊಟ್ಟಿಲಿಗೆ ಬಂದಿರಲಿಲ್ಲ. ನಿನ್ನೆ ಸಂಜೆ ಬಂದ. ಅಂಗಡಿಯ ಕಟ್ಟೆಯ ಮೇಲೆ ಕೂತು, ಕೂಸು ತೋರಿಸು ಎಂದ. ತಂದು ಅವನ ತೊಡೆಯ ಮೇಲೆ ಹಾಕಿದೆ. ಬಹಳ ಹೊತ್ತು ನೋಡಿದ. ಮೂಗಿನ ಬಗ್ಗೆ ಒಂದು ಮಾತು ಅಂದ, ಅದನ್ನು ಬರೆಯುವುದಿಲ್ಲ. ಕೂಸು ಅವನ ಬೆರಳು ಹಿಡಿದುಕೊಂಡಿತು. ಬೆರಳು ಬಿಡಿಸಿಕೊಳ್ಳದೆಯೇ ಅವನು ಶುರು ಮಾಡಿದ.

"ಕೆಡಿಸಿಬಿಟ್ಟೆಲ್ಲೋ ಬಸಣ್ಣಾ. ಇವತ್ತ ಆ ಜಾಗ, ನಾಳೆ ಇನ್ನೊಂದು. ಭಾಲ್ಕಿ ತುಂಬ ದುಕಾನ ಆಗೋದಿತ್ತು. ಸ್ಟೇಷನ್ನಿನ ತನಕ ಬರೇ ದುಕಾನ."

"ಅಲ್ಲೋ ವೀರಶೆಟ್ಟಿ," ಎಂದೆ, "ಊರ ತುಂಬ ಬರೇ ದುಕಾನೇ ಆದ್ರ, ಗಿರಾಕಿ ರಾತ್ರಿ ಎಲ್ಲಿ ಮಲಗಬೇಕೋ?"